ಫ್ಲೈಟ್ ಸಿಮ್ಯುಲೇಟರ್ ಸ್ಕ್ರೀನ್‌ಶಾಟ್ ತಿದ್ದುವುದು ಹೇಗೆ? ಬಜ್ಪೆಯ ಒಂದು ಚಿತ್ರ ಹಿಡಿದು ನೋಡೋಣ

ಮಂಗಳೂರು, ಉಡುಪಿ ಕಡೆಯ ಹುಡುಗರ ವಾಟ್ಸಾಪ್ ಸ್ಟೇಟಸ್‌ಗಳಲ್ಲಿ ಈಗ ವಿಮಾನದ ಚಿತ್ರಗಳು ಜಾಸ್ತಿ ಕಾಣುತ್ತಿವೆ. ಪಣಂಬೂರಿನ ಮೇಲೆ ತಿರುಗುತ್ತಿರುವ ವಿಮಾನ, ಕೆಳಗೆ ಬಂದರು, ಆಚೆ ಕಡಲು. ಇಲ್ಲವೇ ಮಂಗಳೂರಿನ ವಿಮಾನ ನಿಲ್ದಾಣ ಇರುವ ಬಜ್ಪೆಯ ಗುಡ್ಡದ ಮೇಲಿನ ರನ್‌ವೇಗೆ ಸಂಜೆ ಬಿಸಿಲಲ್ಲಿ ಇಳಿಯುತ್ತಿರುವ ವಿಮಾನ. ನೋಡಿದವರು "ಯಾರು ತೆಗೆದ ಫೋಟೊ ಮಾರಾಯ್ರೆ ಇದು?" ಅಂತ ಕೇಳುತ್ತಾರೆ. ಫೋಟೊ ಅಲ್ಲ, ಮನೆಯಲ್ಲಿ ಕಂಪ್ಯೂಟರ್ ಮುಂದೆ ಕೂತು ಹಾರಿಸಿದ ವಿಮಾನ ಅದು. ಇನ್ನೊಂದು ಪ್ರಶ್ನೆ ಸಿಮ್ಯುಲೇಟರ್ ಇಟ್ಟುಕೊಂಡವರದ್ದು: ಅದೇ ಸಾಫ್ಟ್‌ವೇರ್, ಅದೇ ಊರು, ಅದೇ ವಿಮಾನ, ಆದರೂ ನನ್ನ ಚಿತ್ರ ಯಾಕೆ ಪೇಲವವಾಗಿ ಕಾಣುತ್ತದೆ?

ವ್ಯತ್ಯಾಸ ಇರುವುದು ಸ್ಕ್ರೀನ್‌ಶಾಟ್ ತೆಗೆದ ನಂತರ ಅದನ್ನು ತಿದ್ದುವ ಕೆಲಸದಲ್ಲಿ. ಆ ಕೆಲಸ ಏನು, ಯಾಕೆ ಬೇಕು, ಎಲ್ಲಿ ನಿಲ್ಲಿಸಬೇಕು ಅಂತ ಮೊದಲಿಂದ ನೋಡುತ್ತಾ ಹೋಗೋಣ. ಫೋಟೊ ಎಡಿಟಿಂಗ್ ಗೊತ್ತಿರಬೇಕು ಅಂತೇನಿಲ್ಲ.

## ಈ ಚಿತ್ರ ಎಲ್ಲಿಂದ ಬರುತ್ತದೆ

ಫ್ಲೈಟ್ ಸಿಮ್ಯುಲೇಟರ್ ಅಂದರೆ ವಿಮಾನದ ಹಾರಾಟವನ್ನು, ಗಾಳಿ, ಮೋಡ, ನೆಲ ಎಲ್ಲವನ್ನೂ ಲೆಕ್ಕ ಹಾಕಿ ತೋರಿಸುವ ಸಾಫ್ಟ್‌ವೇರ್. ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್ 2020ರ ಆಗಸ್ಟ್‌ನಲ್ಲಿ ಹೊಸ ರೂಪದಲ್ಲಿ ಬಂತು, ಅದರ ಮುಂದಿನ ಆವೃತ್ತಿ 2024ರ ನವೆಂಬರ್‌ನಲ್ಲಿ ಬಂತು. ಎಕ್ಸ್-ಪ್ಲೇನ್ 12 ಉಂಟು. ದುಡ್ಡು ಕೊಡದೆ ಬಳಸಬೇಕು ಅಂದರೆ ಫ್ಲೈಟ್‌ಗಿಯರ್ ಉಂಟು.

ಮೈಕ್ರೋಸಾಫ್ಟ್‌ನದ್ದು ನೆಲದ ಮೇಲೆ ಬಿಂಗ್ ಮ್ಯಾಪ್ಸ್‌ನ ಉಪಗ್ರಹ ಚಿತ್ರ ಮತ್ತು ವಿಮಾನದಿಂದ ತೆಗೆದ ಚಿತ್ರಗಳನ್ನು ಹಾಸುತ್ತದೆ. ಆ ಚಿತ್ರ ನೋಡಿ ಇಲ್ಲಿ ಮರ ಇರಬೇಕು, ಇಲ್ಲಿ ಮನೆ ಇರಬೇಕು ಅಂತ ಸಾಫ್ಟ್‌ವೇರೇ ಊಹಿಸಿ ನಿಲ್ಲಿಸುತ್ತದೆ. ಹಾಗಾಗಿ ನೇತ್ರಾವತಿ ಕಡಲು ಸೇರುವ ಜಾಗ, ತಣ್ಣೀರುಬಾವಿಯ ಮರಳಿನ ಪಟ್ಟಿ ಎಲ್ಲ ಸರಿಯಾದ ಜಾಗದಲ್ಲೇ ಇರುತ್ತವೆ. ಆದರೆ ನಿಮ್ಮ ಅಜ್ಜಿ ಮನೆಯ ಹೆಂಚಿನ ಮಾಡು, ಪಕ್ಕದ ತೆಂಗಿನ ತೋಟ ಹಾಗೇ ಕಾಣುತ್ತದೆ ಅಂತ ಹೇಳಲಿಕ್ಕೆ ಆಗುವುದಿಲ್ಲ.

ಇದರಿಂದ ಎರಡು ತೊಂದರೆ ಬರುತ್ತದೆ, ಎಡಿಟ್ ಮಾಡುವವರಿಗೆ ಇವು ಗೊತ್ತಿರಬೇಕು. ಒಂದು, ಉಪಗ್ರಹ ಚಿತ್ರ ತೆಗೆದ ಹೊತ್ತಿನ ನೆರಳು ಆ ಚಿತ್ರದಲ್ಲೇ ಅಂಟಿಕೊಂಡಿರುತ್ತದೆ, ಅದರ ಮೇಲೆ ಸಿಮ್ಯುಲೇಟರಿನ ಸೂರ್ಯ ತನ್ನ ನೆರಳು ಬೇರೆ ಹಾಕುತ್ತಾನೆ. ಕೆಲವು ಕಡೆ ಒಂದೇ ಕಟ್ಟಡಕ್ಕೆ ಎರಡು ದಿಕ್ಕಿನ ನೆರಳು. ಇನ್ನೊಂದು, ತೀರಾ ಕೆಳಗೆ ಹಾರಿದರೆ ಕಾರು, ದೋಣಿಗಳು ನೆಲಕ್ಕೆ ಚಪ್ಪಟೆಯಾಗಿ ಮೆತ್ತಿಕೊಂಡಂತೆ ಕಾಣುತ್ತವೆ. ಇವೆರಡನ್ನೂ ಆಮೇಲೆ ತಿದ್ದುವುದು ಸುಮ್ನೆ ಕಷ್ಟ. ಚಿತ್ರ ತೆಗೆಯುವಾಗಲೇ ಎತ್ತರ ಮತ್ತು ಕೋನ ಬದಲಿಸಿದರೆ ಮುಗಿಯಿತು.

## ಫೋಟೊಗೂ ಇದಕ್ಕೂ ಏನು ವ್ಯತ್ಯಾಸ

ಪರದೆಯ ಮೇಲಿನ ಚಿತ್ರ ಅಂದರೆ ಚಿಕ್ಕ ಚಿಕ್ಕ ಬಣ್ಣದ ಚುಕ್ಕೆಗಳು. ಒಂದೊಂದು ಚುಕ್ಕೆಗೆ ಪಿಕ್ಸೆಲ್ ಅನ್ನುತ್ತಾರೆ. ಸಾಮಾನ್ಯ ಫುಲ್ ಎಚ್‌ಡಿ ಪರದೆಯಲ್ಲಿ ಅಡ್ಡಕ್ಕೆ 1920, ಉದ್ದಕ್ಕೆ 1080, ಒಟ್ಟು 20,73,600 ಪಿಕ್ಸೆಲ್. 4ಕೆ ಅಂದರೆ ಅದರ ನಾಲ್ಕು ಪಟ್ಟು. ಪ್ರತಿ ಪಿಕ್ಸೆಲ್‌ಗೂ ಮೂರು ಅಂಕಿ: ಕೆಂಪು ಎಷ್ಟು, ಹಸಿರು ಎಷ್ಟು, ನೀಲಿ ಎಷ್ಟು. ಒಂದೊಂದೂ 0ಯಿಂದ 255ರ ಒಳಗೆ. ಮೂರೂ 0 ಆದರೆ ಕಪ್ಪು, ಮೂರೂ 255 ಆದರೆ ಬಿಳಿ. ಎಡಿಟಿಂಗ್ ಅಂದರೆ ಕೊನೆಗೆ ಈ ಅಂಕಿಗಳನ್ನು ಬದಲಿಸುವುದು, ಅಷ್ಟೇ.

ಕ್ಯಾಮೆರಾದಲ್ಲಿ ಲೆನ್ಸ್ ಉಂಟು, ಶಟರ್ ಉಂಟು, ಎರಡೂ ಚಿತ್ರದ ಮೇಲೆ ತಮ್ಮ ಗುರುತು ಬಿಡುತ್ತವೆ. ಶಟರ್ ತೆರೆದಿದ್ದ ಹೊತ್ತಿನಲ್ಲಿ ಓಡಿದ್ದೆಲ್ಲ ಸ್ವಲ್ಪ ಮಸುಕಾಗುತ್ತದೆ. ಕತ್ತಲಿನ ಜಾಗದಲ್ಲಿ ಸಣ್ಣ ಕಾಳು ಕಾಳು ಬರುತ್ತದೆ. ಅದಕ್ಕಿಂತ ಮುಖ್ಯ, ನಮ್ಮ ಕರಾವಳಿಯ ಗಾಳಿಯಲ್ಲಿ ತೇವ ಜಾಸ್ತಿ. ಬಜ್ಪೆಯ ಮೇಲಿಂದ ಘಟ್ಟದ ಕಡೆ ನೋಡಿದರೆ ಕುದುರೆಮುಖದ ಸಾಲು ಮಾಸಲು ನೀಲಿಯಾಗಿ ಕಾಣುತ್ತದೆ, ಎಷ್ಟೋ ದಿನ ಕಾಣುವುದೇ ಇಲ್ಲ. ಸಿಮ್ಯುಲೇಟರಿನಲ್ಲಿ ಶುಭ್ರ ಆಕಾಶ ಅಂತ ಆರಿಸಿದರೆ ಹತ್ತಿರದ ಮರ, ದೂರದ ಬೆಟ್ಟ ಎರಡೂ ಒಂದೇ ಸಮ ಸ್ಪಷ್ಟ. ಕಣ್ಣಿಗೆ ಏನೋ ಸರಿಯಿಲ್ಲ ಅನಿಸುವುದು ಅದಕ್ಕೇ. ಚಿತ್ರ ಅತಿಯಾಗಿ ಚೊಕ್ಕಟ ಇರುತ್ತದೆ.

ಹಾಗಾಗಿ ಈ ಎಡಿಟಿಂಗ್‌ನಲ್ಲಿ ಬಣ್ಣ ತುಂಬುವುದಕ್ಕಿಂತ ಬೆಳಕು ಮತ್ತು ಗಾಳಿಯನ್ನು ಸರಿ ಮಾಡುವುದೇ ದೊಡ್ಡ ಕೆಲಸ.

## ಮೊದಲು ಒಳ್ಳೆಯ ಸ್ಕ್ರೀನ್‌ಶಾಟ್ ಬೇಕು

ಸಿಮ್ಯುಲೇಟರಿನಲ್ಲಿ ತಿಂಗಳು, ದಿನ, ಗಂಟೆ ಎಲ್ಲ ನಿಮ್ಮ ಕೈಯಲ್ಲೇ. ಇದನ್ನು ಸರಿಯಾಗಿ ಬಳಸಿಕೊಂಡರೆ ಎಡಿಟಿಂಗ್ ಅರ್ಧ ಮುಗಿದ ಹಾಗೆ.

ಒಂದು ಉದಾಹರಣೆ. ಬಜ್ಪೆಯ ಮುಖ್ಯ ರನ್‌ವೇ ಗುಡ್ಡದ ತಲೆಯ ಮೇಲೆ ಕಟ್ಟಿದ ಟೇಬಲ್‌ಟಾಪ್ ರನ್‌ವೇ, ಉದ್ದ 2450 ಮೀಟರ್. ಪೂರ್ವದ ಗುಡ್ಡಗಳ ಕಡೆಯಿಂದ ಇಳಿಯುವಾಗ ಅದರ ಹೆಸರು ರನ್‌ವೇ 24. ದಿಕ್ಸೂಚಿಯಲ್ಲಿ ಸುಮಾರು 240 ಡಿಗ್ರಿ, ಅಂದರೆ ನೈಋತ್ಯಕ್ಕೂ ಪಶ್ಚಿಮಕ್ಕೂ ನಡುವೆ ಮುಖ ಮಾಡಿದೆ ಅಂತ ಅರ್ಥ. ನಮ್ಮ ಊರಲ್ಲಿ ಡಿಸೆಂಬರ್ ಕೊನೆಗೆ ಸೂರ್ಯ ಮುಳುಗುವುದು ಸುಮಾರು 246 ಡಿಗ್ರಿಯಲ್ಲಿ. ಹೆಚ್ಚೂ ಕಡಿಮೆ ರನ್‌ವೇಯ ನೇರಕ್ಕೇ! ಜೂನ್ ಕೊನೆಗೆ ಅದೇ ಸೂರ್ಯ ಸುಮಾರು 294 ಡಿಗ್ರಿಗೆ, ಪೂರಾ ಬಲಕ್ಕೆ ಹೋಗಿರುತ್ತಾನೆ. ರನ್‌ವೇಯ ತುದಿಯಲ್ಲೇ ಕೆಂಪು ಸೂರ್ಯ ಬೇಕಾದರೆ ತಿಂಗಳು ಡಿಸೆಂಬರ್ ಅಂತ ಇಡಿ. ವಿಮಾನದ ಮೈ ಮೇಲೆ ಪಕ್ಕದಿಂದ ಬೆಳಕು ಬೀಳಬೇಕಾದರೆ ಬೇಸಗೆಯ ಸಂಜೆ ಇಡಿ.

ಮೈಕ್ರೋಸಾಫ್ಟ್‌ನ ಸಿಮ್ಯುಲೇಟರಿನಲ್ಲಿ ಡ್ರೋನ್ ಕ್ಯಾಮೆರಾ ಅಂತ ಉಂಟು, ಹಾರಾಟವನ್ನು ನಿಲ್ಲಿಸಿ ಬೇಕಾದ ಕಡೆಯಿಂದ ನೋಡಬಹುದು. ಪರದೆಯ ಮೇಲಿನ ಅಕ್ಷರ, ಮೀಟರುಗಳನ್ನು ಮೊದಲು ತೆಗೆದುಬಿಡಿ.

ಉಳಿಸುವಾಗ ಫೈಲಿನ ರೂಪ ಪಿಎನ್‌ಜಿ ಇರಲಿ, ಜೆಪೆಗ್ ಬೇಡ. ಜೆಪೆಗ್ ಫೈಲು ಚಿಕ್ಕದಾಗಲು ಚಿತ್ರವನ್ನು 8ಕ್ಕೆ 8 ಪಿಕ್ಸೆಲ್‌ನ ಚೌಕಗಳಾಗಿ ಮಾಡಿ, ಕಣ್ಣಿಗೆ ಅಷ್ಟಾಗಿ ಗೊತ್ತಾಗದ ವಿವರಗಳನ್ನು ಬಿಸಾಡುತ್ತದೆ. ನೋಡಲು ತೊಂದರೆ ಇಲ್ಲ, ತಿದ್ದಲು ಹೊರಟಾಗ ಆ ಚೌಕಗಳು ಆಕಾಶದಲ್ಲಿ ಎದ್ದು ಬರುತ್ತವೆ. ಪಿಎನ್‌ಜಿ ಏನನ್ನೂ ಬಿಸಾಡುವುದಿಲ್ಲ. ವಿಂಡೋಸ್ ಕೀ ಮತ್ತು ಪ್ರಿಂಟ್ ಸ್ಕ್ರೀನ್ ಒಟ್ಟಿಗೆ ಒತ್ತಿದರೆ ಪಿಎನ್‌ಜಿಯೇ ಸಿಗುತ್ತದೆ. ಆಟಗಳನ್ನು ಕೊಂಡು ಆಡುವ ಸ್ಟೀಮ್ ಸಾಫ್ಟ್‌ವೇರ್‌ನಲ್ಲಿ ಎಫ್12 ಒತ್ತುವವರಿಗೆ ಸಾಮಾನ್ಯವಾಗಿ ಸಿಗುವುದು ಜೆಪೆಗ್, ಆದರೆ ಕಂಪ್ರೆಸ್ ಮಾಡದ ಪ್ರತಿಯನ್ನೂ ಉಳಿಸು ಅನ್ನುವ ಆಯ್ಕೆ ಅದರ ಸೆಟ್ಟಿಂಗ್ಸ್‌ನಲ್ಲಿ ಉಂಟು. ಇನ್ನು ವಿಂಡೋಸ್‌ನಲ್ಲಿ ಎಚ್‌ಡಿಆರ್ ಆನ್ ಇದ್ದರೆ ಸ್ಕ್ರೀನ್‌ಶಾಟ್ ತೊಳೆದಿಟ್ಟಂತೆ ಬಿಳುಚಿಕೊಂಡು ಬರುವುದುಂಟು. ಎಚ್‌ಡಿಆರ್ ಪರದೆ ಸಾಮಾನ್ಯ ಪರದೆಗಿಂತ ತುಂಬಾ ಜಾಸ್ತಿ ಬೆಳಕು ತೋರಿಸುತ್ತದೆ, ಆ ವ್ಯಾಪ್ತಿಯನ್ನು ಸಾಮಾನ್ಯ ಫೈಲಿಗೆ ತುರುಕುವಾಗ ಹೀಗಾಗುತ್ತದೆ. ಚಿತ್ರ ತೆಗೆಯುವಷ್ಟು ಹೊತ್ತು ಅದನ್ನು ಆಫ್ ಮಾಡಿ.

## ಯಾವ ಸಾಫ್ಟ್‌ವೇರ್, ಲೇಯರ್ ಅಂದರೇನು

ಫೋಟೊಶಾಪ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಚಿಂತೆ ಇಲ್ಲ. ಗಿಂಪ್ ಪೂರ್ತಿ ಉಚಿತ, ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಓಡುತ್ತದೆ, ಅದರ 3.0 ಆವೃತ್ತಿ 2025ರ ಮಾರ್ಚ್‌ನಲ್ಲಿ ಬಂದಿದೆ. ಏನೂ ಇನ್‌ಸ್ಟಾಲ್ ಮಾಡದೆ ಬ್ರೌಸರಿನಲ್ಲೇ ಮಾಡಬೇಕು ಅಂದರೆ ಫೋಟೊಪಿಯಾ. ಇಲ್ಲಿ ಗಿಂಪ್ ಹಿಡಿದು ಹೇಳುತ್ತೇನೆ. ಉಳಿದವುಗಳಲ್ಲೂ ಲೆವೆಲ್ಸ್, ಕರ್ವ್ಸ್, ಮಾಸ್ಕ್ ಅನ್ನುವ ಹೆಸರುಗಳು ಇವೇ.

ಎಲ್ಲಕ್ಕಿಂತ ಮೊದಲು ಅರ್ಥವಾಗಬೇಕಾದದ್ದು ಲೇಯರ್. ಮನೆಯ ಗೋಡೆಯಲ್ಲಿರುವ ದೇವರ ಪಟಕ್ಕೆ ದಿನಾ ಕುಂಕುಮ ಹಚ್ಚುತ್ತೇವೆ ಅಲ್ವಾ, ಅದು ಕೂರುವುದು ಗಾಜಿನ ಮೇಲೆ, ಒಳಗಿನ ಚಿತ್ರಕ್ಕೆ ಏನೂ ಆಗುವುದಿಲ್ಲ. ಬೇಡ ಅಂದರೆ ಒರೆಸಿದರೆ ಆಯಿತು. ಲೇಯರ್ ಅಂದರೆ ಆ ಗಾಜು. ಒಂದೊಂದು ಬದಲಾವಣೆಯನ್ನೂ ಬೇರೆ ಬೇರೆ ಲೇಯರ್ ಮೇಲೆ ಮಾಡಿ, ಅಡಿಯಲ್ಲಿ ಮೂಲ ಚಿತ್ರ ಮುಟ್ಟದೆ ಇರಲಿ.

ಲೇಯರ್‌ನ ಯಾವ ಭಾಗ ಕಾಣಬೇಕು, ಯಾವುದು ಕಾಣಬಾರದು ಅಂತ ಹೇಳುವುದು ಮಾಸ್ಕ್. ಮಾಸ್ಕ್‌ನಲ್ಲಿ ಬಿಳಿ ಬಳಿದ ಕಡೆ ಆ ಲೇಯರ್ ಕಾಣುತ್ತದೆ, ಕಪ್ಪು ಬಳಿದ ಕಡೆ ಮರೆಯಾಗುತ್ತದೆ, ಬೂದು ಬಳಿದರೆ ಅರೆಬರೆ. ಇದು ಕೈಗೆ ಬಂದರೆ ಮುಂದಿನದ್ದು ಸುಲಭ.

## ಈಗ ಆ ಚಿತ್ರ

ನಮ್ಮ ಕೈಯಲ್ಲಿರುವುದು ಈ ಸ್ಕ್ರೀನ್‌ಶಾಟ್ ಅಂತ ಇಟ್ಟುಕೊಳ್ಳಿ: ಡಿಸೆಂಬರ್ ಸಂಜೆ, ರನ್‌ವೇ 24ಕ್ಕೆ ಇಳಿಯುತ್ತಿರುವ ಒಂದು ಬೋಯಿಂಗ್ 737 ವಿಮಾನ, ಕ್ಯಾಮೆರಾ ವಿಮಾನದ ಹಿಂದೆ ಸ್ವಲ್ಪ ಎಡಕ್ಕೆ. ಮುಂದೆ ರನ್‌ವೇ, ಅದರಾಚೆ ಕಡಲಿನ ಗೆರೆ, ಮೇಲೆ ಸೂರ್ಯ. ನಮ್ಮ ಕಡೆಗಿರುವ ವಿಮಾನದ ಮೈ ಪೂರಾ ಕತ್ತಲು. ಆಕಾಶ ಸುಮಾರಾಗಿ ಚೆನ್ನಾಗಿದೆ. ಒಟ್ಟಾರೆ ಮೇಲೊಂದು ಬೂದು ಪೊರೆ.

ಮೊದಲು ಕಡಲಿನ ಗೆರೆ. ಅದು ಅರ್ಧ ಡಿಗ್ರಿ ಓರೆಯಾದರೂ ಕರಾವಳಿಯವರ ಕಣ್ಣಿಗೆ ತಟ್ಟನೆ ಗೊತ್ತಾಗುತ್ತದೆ. ಗಿಂಪ್‌ನ ಮೆಷರ್ ಟೂಲ್‌ನಲ್ಲಿ ಆ ಗೆರೆಯ ಉದ್ದಕ್ಕೆ ಎಳೆದು ಸ್ಟ್ರೈಟನ್ ಒತ್ತಿದರೆ ನೇರವಾಗುತ್ತದೆ. ಕಾಕ್‌ಪಿಟ್‌ನೊಳಗಿಂದ ತೆಗೆದ ಚಿತ್ರದಲ್ಲಿ ವಿಮಾನ ತಿರುಗುತ್ತಿದ್ದರೆ ಮಾತ್ರ ಗೆರೆ ಓರೆ ಇರಬೇಕಾದದ್ದೇ, ಮುಟ್ಟಬೇಡಿ. ಆಮೇಲೆ ಕ್ರಾಪ್, ಅಂದರೆ ಬೇಡದ ಅಂಚು ಕತ್ತರಿಸುವುದು. ವಿಮಾನದ ಹಿಂದಿಗಿಂತ ಮುಂದೆ ಜಾಗ ಜಾಸ್ತಿ ಬಿಡಿ, ಅದು ಹೋಗಬೇಕಾದ ಕಡೆ.

ಕಲರ್ಸ್ ಮೆನುವಿನಲ್ಲಿ ಲೆವೆಲ್ಸ್ ತೆರೆದರೆ ಗುಡ್ಡದ ಆಕಾರದ ಒಂದು ಚಿತ್ರ ಕಾಣುತ್ತದೆ. ಅದು ಹಿಸ್ಟೋಗ್ರಾಂ. ಎಡತುದಿ 0, ಬಲತುದಿ 255. ಯಾವ ಹೊಳಪಿನ ಪಿಕ್ಸೆಲ್ ಎಷ್ಟು ಉಂಟು ಅನ್ನುವುದನ್ನು ಗುಡ್ಡದ ಎತ್ತರ ಹೇಳುತ್ತದೆ. ನಮ್ಮ ಚಿತ್ರದಲ್ಲಿ ಗುಡ್ಡ 30ರಿಂದ ಶುರುವಾಗಿ 225ಕ್ಕೆ ಮುಗಿದಿದೆ ಅನ್ನೋಣ. ಅಂದರೆ ಚಿತ್ರದಲ್ಲಿ ನಿಜವಾದ ಕಪ್ಪೂ ಇಲ್ಲ, ನಿಜವಾದ ಬಿಳಿಯೂ ಇಲ್ಲ. ಬೂದು ಪೊರೆ ಅಂದದ್ದು ಇದನ್ನೇ. ಎಡಗಡೆಯ ಕಪ್ಪು ಗುಂಡಿಯನ್ನು 30ರ ಕಡೆಗೆ, ಬಲಗಡೆಯ ಬಿಳಿ ಗುಂಡಿಯನ್ನು 225ರ ಕಡೆಗೆ ತಂದರೆ ಪೊರೆ ಹೋಗುತ್ತದೆ. ಆದರೆ ನಾನು ಕಪ್ಪನ್ನು 20ಕ್ಕೇ ನಿಲ್ಲಿಸುತ್ತೇನೆ, ಯಾಕೆಂದರೆ ತೇವದ ಗಾಳಿಯಲ್ಲಿ ದೂರದ ಯಾವ ವಸ್ತುವೂ ಕಡುಗಪ್ಪಾಗಿ ಕಾಣುವುದಿಲ್ಲ. ಗುಡ್ಡದ ಒಳಕ್ಕೇ ಗುಂಡಿ ತಂದರೆ ಆ ಭಾಗದ ವಿವರವೆಲ್ಲ ಒಂದೇ ಕಪ್ಪು ಅಥವಾ ಒಂದೇ ಬಿಳಿಯಾಗಿ ಸತ್ತುಹೋಗುತ್ತದೆ. ಸೂರ್ಯನ ಸುತ್ತ ಹೀಗಾದರೆ ಬಿಳಿ ತೂತು ಬಿದ್ದಂತೆ ಕಾಣುತ್ತದೆ.

ಇನ್ನು ವಿಮಾನದ ಕತ್ತಲು ಮೈ. ಲೇಯರ್‌ನ ಒಂದು ಪ್ರತಿ ಮಾಡಿ, ಅದರ ಮೇಲೆ ಕರ್ವ್ಸ್ ತೆರೆಯಿರಿ. ಹೊಳಪನ್ನು ಬದಲಿಸುವ ಒಂದು ಓರೆ ಗೆರೆ ಕಾಣುತ್ತದೆ, ಅದರ ಎಡಭಾಗವನ್ನು, ಅಂದರೆ ಕತ್ತಲಿನ ಕಡೆಯನ್ನು, ಸ್ವಲ್ಪ ಮೇಲಕ್ಕೆ ಎತ್ತಿ. ಇಡೀ ಚಿತ್ರ ಬೆಳಗುತ್ತದೆ, ಹೆದರಬೇಡಿ. ಆ ಲೇಯರ್‌ಗೆ ಕಪ್ಪು ಮಾಸ್ಕ್ ಹಾಕಿ, ಮೆತ್ತಗಿನ ಬ್ರಶ್‌ನಲ್ಲಿ ಬಿಳಿ ಹಿಡಿದು ವಿಮಾನದ ಮೈ ಮೇಲೆ ಮಾತ್ರ ನಿಧಾನಕ್ಕೆ ಬಳಿಯಿರಿ. ಕಿಟಕಿಗಳ ಸಾಲು, ಬಾಲದ ಬಣ್ಣ ಮೆಲ್ಲಗೆ ಮೇಲೆ ಬರುತ್ತದೆ. ಸೂರ್ಯ ಎದುರಿಗಿದ್ದಾನೆ ಅನ್ನುವುದು ನೆನಪಿರಲಿ, ವಿಮಾನ ಮಧ್ಯಾಹ್ನದ ಬಿಸಿಲಲ್ಲಿ ಇದ್ದಂತೆ ಬೆಳಗಿದರೆ ಸುಳ್ಳು ಅಂತ ಗೊತ್ತಾಗುತ್ತದೆ.

ಇಲ್ಲೊಂದು ಚಿಕ್ಕ ಸಂಗತಿ, ನನಗೆ ತುಂಬಾ ಇಷ್ಟವಾದದ್ದು. ನೆಲಕ್ಕೆ ಬಿದ್ದ ಬೆಳಕು ಆ ನೆಲದ ಬಣ್ಣ ಹೊತ್ತು ಮೇಲಕ್ಕೆ ಚಿಮ್ಮುತ್ತದೆ. ಬಜ್ಪೆಯ ಸುತ್ತ ಮುರಕಲ್ಲಿನ ಕೆಂಪು ಮಣ್ಣು. ತೀರಾ ಕೆಳಗಿರುವ ವಿಮಾನದ ಬಿಳಿ ಹೊಟ್ಟೆಗೆ ಆ ಬಣ್ಣದ ಒಂದು ಛಾಯೆ ಇರಬೇಕು. ಹೊಸ ಲೇಯರ್‌ನಲ್ಲಿ ಮಣ್ಣಿನ ಬಣ್ಣವನ್ನೇ ಎತ್ತಿಕೊಂಡು ಹೊಟ್ಟೆಯ ಕೆಳಗೆ ತೆಳ್ಳಗೆ ಬಳಿದು, ಒಪಾಸಿಟಿಯನ್ನು, ಅಂದರೆ ಅದು ಎಷ್ಟು ಗಾಢವಾಗಿ ಕಾಣಬೇಕು ಅನ್ನುವುದನ್ನು, 8 ಅಥವಾ 10 ಶೇಕಡಕ್ಕೆ ಇಳಿಸಿ. ನೋಡುವವರಿಗೆ ಬಳಿದದ್ದು ಗೊತ್ತಾಗಬಾರದು. ವಿಮಾನ ಮಾತ್ರ ಆ ಜಾಗಕ್ಕೇ ಸೇರಿದ್ದು ಅನಿಸುತ್ತದೆ.

ಮರಗಳ ಹಸಿರು ಕಣ್ಣಿಗೆ ಚುಚ್ಚುತ್ತಿದ್ದರೆ ಹ್ಯೂ-ಸ್ಯಾಚುರೇಶನ್‌ನಲ್ಲಿ ಹಸಿರು ಮತ್ತು ಹಳದಿಯ ಸ್ಯಾಚುರೇಶನ್, ಅಂದರೆ ಬಣ್ಣದ ತೀಕ್ಷ್ಣತೆ, ಮಾತ್ರ ಸ್ವಲ್ಪ ಇಳಿಸಿ. ಸಂಜೆಯ ಚಿತ್ರಕ್ಕೆ ಆಟೊ ವೈಟ್ ಬ್ಯಾಲೆನ್ಸ್ ಒತ್ತಬೇಡಿ, ಸೂರ್ಯಾಸ್ತದ ಕೆಂಪನ್ನೇ ದೋಷ ಅಂತ ತಿಳಿದು ಅದು ತೆಗೆದುಬಿಡುತ್ತದೆ.

## ಆಕಾಶದಲ್ಲಿ ಪಟ್ಟೆ ಪಟ್ಟೆ ಯಾಕೆ ಬರುತ್ತದೆ

ಎಲ್ಲರೂ ಕೇಳುವ ಪ್ರಶ್ನೆ ಇದು. ನೀಲಿಯಿಂದ ಕೇಸರಿಗೆ ನುಣ್ಣಗೆ ಇಳಿಯಬೇಕಾದ ಆಕಾಶ ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತದೆ. ಇದಕ್ಕೆ ಬ್ಯಾಂಡಿಂಗ್ ಅನ್ನುತ್ತಾರೆ.

ಕಾರಣ ಆ 256 ಹಂತಗಳು. ಆಕಾಶದ ಒಂದು ಭಾಗ 140ರಿಂದ 180ರ ಒಳಗೆ ಇದೆ ಅನ್ನಿ, ಅಲ್ಲಿರುವುದು ಬರೀ 41 ಛಾಯೆ. ಲೆವೆಲ್ಸ್, ಕರ್ವ್ಸ್‌ನಲ್ಲಿ ಅದನ್ನು ಹಿಗ್ಗಿಸಿ 120ರಿಂದ 200ರವರೆಗೆ ಮಾಡಿದಿರಿ. ಹೊಸ ಛಾಯೆ ಎಲ್ಲಿಂದಲೂ ಹುಟ್ಟುವುದಿಲ್ಲ, ಅದೇ 41 ಛಾಯೆಗಳು ದೂರ ದೂರ ನಿಲ್ಲುತ್ತವೆ. ನಡುವಿನ ಜಿಗಿತವೇ ಪಟ್ಟೆಯಾಗಿ ಕಾಣುವುದು.

ಪರಿಹಾರ ಎರಡು. ಕೆಲಸ ಶುರು ಮಾಡುವ ಮೊದಲೇ ಇಮೇಜ್ ಮೆನುವಿನಲ್ಲಿ ಚಿತ್ರವನ್ನು 16 ಬಿಟ್ ಅಥವಾ 32 ಬಿಟ್‌ಗೆ, ಅಂದರೆ 256ಕ್ಕಿಂತ ತುಂಬಾ ಜಾಸ್ತಿ ಹಂತಗಳಿಗೆ, ಬದಲಿಸಿ. ಮೂಲದಲ್ಲಿ ಇಲ್ಲದ ಛಾಯೆ ಇದರಿಂದ ಬರುವುದಿಲ್ಲ ನಿಜ, ಆದರೆ ಪ್ರತಿ ಸಲ ತಿದ್ದುವಾಗ ಅಂಕಿಗಳು ಒರಟಾಗಿ ದುಂಡಾಗುವುದು ತಪ್ಪುತ್ತದೆ. ಎರಡನೆಯದು, ಆಕಾಶಕ್ಕೆ ಕೊನೆಯಲ್ಲಿ ಕಣ್ಣಿಗೆ ಕಂಡೂ ಕಾಣದಷ್ಟು ನಾಯ್ಸ್ ಸೇರಿಸಿ. ಕಾಳು ಕಾಳಾದ ಈ ಚುಕ್ಕೆಗಳು ಪಟ್ಟೆಗಳ ಅಂಚನ್ನು ಒಡೆದುಹಾಕುತ್ತವೆ. ನಿಜವಾದ ಕ್ಯಾಮೆರಾದ ಚಿತ್ರದಲ್ಲಿ ಹೇಗೂ ಇರುವಂಥದ್ದೇ ಇದು, ಹಾಗಾಗಿ ಎರಡು ಕೆಲಸ ಒಟ್ಟಿಗೆ ಆಗುತ್ತದೆ.

## ರೆಕ್ಕೆಯ ಅಂಚು, ಪ್ರೊಪೆಲ್ಲರ್, ಶಾರ್ಪ್

ಓರೆಯಾದ ರೆಕ್ಕೆಯ ಅಂಚು ಗರಗಸದ ಹಲ್ಲಿನಂತೆ ಕಾಣುವುದಕ್ಕೆ ಕಾರಣ, ಚೌಕ ಪಿಕ್ಸೆಲ್‌ಗಳಿಂದ ಓರೆ ಗೆರೆ ಎಳೆಯಬೇಕಾಗಿರುವುದು. ಇದಕ್ಕೆ ಸುಲಭದ ಮದ್ದು ಅಂದರೆ ಕಂಪ್ಯೂಟರ್ ತಡೆದುಕೊಳ್ಳುವುದಾದರೆ 4ಕೆಯಲ್ಲಿ ಚಿತ್ರ ತೆಗೆದು, ಎಲ್ಲ ಮುಗಿದ ಮೇಲೆ 1920ಕ್ಕೆ ಇಳಿಸುವುದು. ನಾಲ್ಕು ಪಿಕ್ಸೆಲ್ ಸೇರಿ ಒಂದಾಗುವಾಗ ಹಲ್ಲುಗಳು ತಾವಾಗಿಯೇ ಸವೆಯುತ್ತವೆ.

ಸೆಸ್ನಾದಂಥ ಚಿಕ್ಕ ವಿಮಾನದ ಚಿತ್ರದಲ್ಲಿ ಪ್ರೊಪೆಲ್ಲರ್ ಕಲ್ಲಿನಂತೆ ನಿಂತಿದ್ದರೆ ವಿಮಾನ ಈಗ ಬೀಳುತ್ತದೆ ಅನಿಸುತ್ತದೆ. ಲೆಕ್ಕ ನೋಡಿ: ನಿಮಿಷಕ್ಕೆ 2400 ಸುತ್ತು ಅಂದರೆ ಸೆಕೆಂಡಿಗೆ 40. ಕ್ಯಾಮೆರಾದ ಶಟರ್ ಸೆಕೆಂಡಿನ 125ನೇ ಒಂದು ಭಾಗ ತೆರೆದರೂ ಆ ಹೊತ್ತಿಗೆ ಪ್ರೊಪೆಲ್ಲರ್ ಸುಮಾರು 115 ಡಿಗ್ರಿ ತಿರುಗಿರುತ್ತದೆ. ಅಷ್ಟು ಮಸುಕು ಇರಬೇಕು. ಪ್ರೊಪೆಲ್ಲರನ್ನು ಬೇರೆ ಲೇಯರ್‌ಗೆ ತೆಗೆದು ಸರ್ಕ್ಯುಲರ್ ಮೋಶನ್ ಬ್ಲರ್ ಕೊಡಿ. ನೇರ ಎದುರಿಂದ ತೆಗೆದ ಚಿತ್ರಕ್ಕೆ ಮಾತ್ರ ಇದು ಚೆನ್ನಾಗಿ ಒಪ್ಪುತ್ತದೆ.

ದೂರದ ಬೆಟ್ಟಕ್ಕೆ ಮಂಜು ಬೇಕಾದರೆ ಹೊಸ ಲೇಯರ್‌ಗೆ ಆಕಾಶದ ತಳದ ಬಣ್ಣವನ್ನೇ ತುಂಬಿ, ಮಾಸ್ಕ್‌ನಲ್ಲಿ ಗ್ರೇಡಿಯಂಟ್, ಅಂದರೆ ಬಿಳಿಯಿಂದ ಕಪ್ಪಿಗೆ ಮೆಲ್ಲಗೆ ಇಳಿಯುವ ಬಣ್ಣ, ಎಳೆದು, ಒಪಾಸಿಟಿ 15 ಶೇಕಡದ ಹತ್ತಿರ ಇಡಿ. ವಿಮಾನದ ಮೇಲೆ ಅದು ಬೀಳದಂತೆ ನೋಡಿಕೊಳ್ಳಿ.

ಶಾರ್ಪ್ ಮಾಡುವುದು ಎಲ್ಲಕ್ಕಿಂತ ಕೊನೆಗೆ, ಅಳತೆ ಇಳಿಸಿದ ನಂತರ. ಶಾರ್ಪನ್ ಅಂದರೆ ಹೊಸ ವಿವರ ತರುವುದಲ್ಲ, ಅಂಚಿನ ಒಂದು ಬದಿಯನ್ನು ಸ್ವಲ್ಪ ಕಪ್ಪು, ಇನ್ನೊಂದು ಬದಿಯನ್ನು ಸ್ವಲ್ಪ ಬಿಳಿ ಮಾಡುವುದು. ರೇಡಿಯಸ್ 1ರ ಒಳಗೆ, ಅಮೌಂಟ್ ಅರ್ಧದ ಆಸುಪಾಸು ಸಾಕು. ಜಾಸ್ತಿ ಆದರೆ ವಿಮಾನದ ಸುತ್ತ ಬಿಳಿ ಗೆರೆ ಬರುತ್ತದೆ, ಆಕಾಶದ ಎದುರು ಅದು ಎದ್ದು ಕಾಣುತ್ತದೆ.

## ಸಿಮ್ಯುಲೇಟರ್ ಚಿತ್ರ ಅಂತ ಬರೆಯಬೇಕಾ?

ಬರೆಯಲೇಬೇಕು. ಇಷ್ಟೆಲ್ಲ ತಿದ್ದಿದ ಮೇಲೆ ಮೊಬೈಲಿನ ಚಿಕ್ಕ ಪರದೆಯಲ್ಲಿ ಇದು ನಿಜವಾದ ಫೋಟೊದಂತೆಯೇ ಕಾಣುತ್ತದೆ. ಸಿಮ್ಯುಲೇಟರಿನ ದೃಶ್ಯಗಳು ನಿಜವಾದ ವಿಮಾನ ಅವಘಡ ಅಂತ ಹರಿದಾಡಿದ್ದು ಎಷ್ಟೋ ಸಲ ಆಗಿದೆ. 2010ರ ಮೇ 22ರಂದು ಬಜ್ಪೆಯಲ್ಲಿ ವಿಮಾನ ದುರಂತದಲ್ಲಿ 158 ಮಂದಿ ತೀರಿಕೊಂಡರು. ಅವರ ಮನೆಯವರು ಇದೇ ಊರುಗಳಲ್ಲಿ ಇದ್ದಾರೆ. ಆ ರನ್‌ವೇಯಲ್ಲಿ ವಿಮಾನಕ್ಕೆ ಹೊಗೆ, ಬೆಂಕಿ ಸೇರಿಸಿದ ಚಿತ್ರ ಯಾವ ಮನೆಯ ಫೋನಿಗೆ ಹೋಗಿ ತಲುಪುತ್ತದೆ ಅಂತ ಹೇಳಲಿಕ್ಕೆ ಆಗುವುದಿಲ್ಲ. ಅಂಥದ್ದನ್ನು ಮಾಡಲೇಬೇಡಿ. ಉಳಿದ ಚಿತ್ರಗಳ ಒಂದು ಮೂಲೆಯಲ್ಲಿ ಸಿಮ್ಯುಲೇಟರಿನ ಹೆಸರು ಚಿಕ್ಕದಾಗಿ ಬರೆಯಿರಿ. ಚಿತ್ರದ ಮೇಲೆಯೇ ಬರೆಯಿರಿ, ಕೆಳಗಿನ ಸಾಲಿನಲ್ಲಿ ಬರೆದದ್ದು ಫಾರ್ವರ್ಡ್ ಆಗುವಾಗ ಬಿಟ್ಟುಹೋಗುತ್ತದೆ.

## ಉಳಿಸುವುದು, ಕಳಿಸುವುದು

ಲೇಯರ್‌ಗಳ ಸಮೇತ ಉಳಿಯಬೇಕಾದರೆ ಗಿಂಪ್‌ನ ಎಕ್ಸ್‌ಸಿಎಫ್ ರೂಪದಲ್ಲೇ ಸೇವ್ ಮಾಡಿ, ನಾಳೆ ವಿಮಾನದ ಹೊಟ್ಟೆಯ ಕೆಂಪು ಜಾಸ್ತಿ ಆಯಿತು ಅನಿಸಿದರೆ ಆ ಒಂದು ಲೇಯರ್ ಇಳಿಸಿದರೆ ಸಾಕು. ಹಂಚಲಿಕ್ಕೆ ಬೇರೆ ಪ್ರತಿ ಎಕ್ಸ್‌ಪೋರ್ಟ್ ಮಾಡಿ, ಜೆಪೆಗ್ ಆದರೆ ಕ್ವಾಲಿಟಿ 90ರ ಮೇಲಿರಲಿ. ವಾಟ್ಸಾಪ್‌ನಲ್ಲಿ ಫೋಟೊ ಅಂತ ಕಳಿಸಿದರೆ ಅದು ಮತ್ತೆ ಹಿಂಡುತ್ತದೆ, ಆಕಾಶದ ಪಟ್ಟೆಗಳು ವಾಪಸ್ ಬರುತ್ತವೆ. ಸ್ನೇಹಿತರಿಗೆ ಪೂರ್ತಿ ಗುಣಮಟ್ಟದಲ್ಲಿ ಸಿಗಬೇಕು ಅಂದರೆ ಡಾಕ್ಯುಮೆಂಟ್ ಆಗಿ ಕಳಿಸಿ.